ಗಿಡದ ರೋಗವೆಂದು ವಾಪಸಾದ ನನ್ನ ಮಗಳ ಕೈ

ಪ್ರಯೋಗಾಲಯದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂಬುದನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಯೋಗ್ಯತೆ ಕಂಡ ದಿನ ಸೇರಿಸುತ್ತೇನೆ. ನನ್ನ ಮಗಳ ಬಲಗೈ ಹುಣ್ಣಿನಿಂದ ತೆಗೆದ ಕೀವನ್ನು ನಿಮ್ಮ ಕಚೇರಿ ಮುಟ್ಟದೆ ವಾಪಸು ಕಳಿಸಿತು. ಕಾರಣ? ರೋಗ ಶಿಲೀಂಧ್ರದ್ದಂತೆ, ಶಿಲೀಂಧ್ರ ಸಸ್ಯವಂತೆ, ಸಸ್ಯಕ್ಕೆ ಬೇರೆ ಕಟ್ಟಡವಂತೆ!

ಮಗಳು ಸಸಿತೋಟದಲ್ಲಿ ಗುಲಾಬಿಗೆ ಕಸಿ ಕಟ್ಟುವವಳು. ಮುಳ್ಳು ಚುಚ್ಚಿದ ಹೆಬ್ಬೆರಳಲ್ಲಿ ಗಂಟೆದ್ದಿತು. ಆಮೇಲೆ ಇರುವೆಸಾಲಿನಂತೆ ಮೊಣಕೈವರೆಗೂ ಹುಣ್ಣು. ಆಸ್ಪತ್ರೆಯ ಡಾಕ್ಟರಮ್ಮ ನೋಡಿದ ಕೂಡಲೇ ಶಿಲೀಂಧ್ರವೆಂದು ಅನುಮಾನಪಟ್ಟು, ಕೀವು ತೆಗೆದು ಶೀಶೆಗೆ ಹಾಕಿ ನನ್ನ ಕೈಲಿ ನಿಮ್ಮಲ್ಲಿಗೆ ಕಳಿಸಿದರು. ಕಿಟಕಿಯೊಳಗಿನ ಗುಮಾಸ್ತರು ಗೋಡೆಯ ಬೋರ್ಡು ನೋಡಿ, “ಅಜ್ಜೀ, ಇದು ಗಿಡದ ವಿಭಾಗಕ್ಕೆ ಹೋಗುತ್ತೆ” ಎಂದರು.

“ಏನಪ್ಪಾ, ನನ್ನ ಮಗಳೇನು ಕುಂಡದಲ್ಲಿ ಬೆಳೆದೋಳಾ? ನಾನೇ ಹೆತ್ತಿದ್ದು.”

“ನಾನೇನ್ ಮಾಡ್ಲಿ? ಬೋರ್ಡಲ್ಲಿ ಹಾಗಿದೆ.”

ಗಿಡದ ಕಟ್ಟಡದವರು ಇನ್ನೂ ಬುದ್ಧಿವಂತರು: “ಎಲೆ ತಂದಿದ್ರೆ ನೋಡ್ತಿದ್ವಿ. ಕೈ, ಕಾಲು ಎಲ್ಲಾ ನೋಡಲ್ಲಮ್ಮ.” ಅತ್ತಿಂದಿತ್ತ ಅಲೆದು ಶೀಶೆಯಲ್ಲಿದ್ದದ್ದು ಕೆಟ್ಟೇ ಹೋಯಿತು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಶಿಲೀಂಧ್ರ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅದರದೇ ಬೇರೆ ಕುಲವೆಂದು ವಿದ್ವಾಂಸರು ತೀರ್ಮಾನಿಸಿ ತಲೆಮಾರೇ ಕಳೆಯಿತಂತೆ. ನೋಡಹೋದರೆ ಅದು ಗಿಡಕ್ಕಿಂತ ನಮಗೇ ಹತ್ತಿರದ ಸಂಬಂಧವಂತೆ. ಇದ್ದರೂ ಇರಬಹುದು, ಒಳಗೆ ಸೇರಿಕೊಂಡು ಕೊರೆಯುವುದು ಹತ್ತಿರದ ನೆಂಟರ ಬುದ್ಧಿಯೇ. ಈ ಜಾತಿಗೆ ಎರಡು ವೇಷ ಬೇರೆ: ಮಣ್ಣಿನ ತಂಪಿನಲ್ಲಿ ಬೂಸ್ಟಿನ ಎಳೆ, ಮೈಯ ಬಿಸಿಗೆ ಪುಟಾಣಿ ಕಾಳು. ಹೊಕ್ಕ ಮನೆಗೆ ತಕ್ಕಂತೆ ಬದಲಾಗಬೇಕೆಂಬ ಬುದ್ಧಿ ಕಣ್ಣಿಗೆ ಕಾಣದ ಆ ಜೀವಕ್ಕಿದೆ. ಕುರ್ಚಿ ತುಂಬಾ ಕಾಣುವ ನಿಮಗೆ ಗೋಡೆಯ ಮೇಲಿನ ಒಂದು ಬೋರ್ಡು ಬದಲಿಸಬೇಕೆಂದು ಹೊಳೆಯಲಿಲ್ಲವೇ? ಅಥವಾ ನಿಮ್ಮ ತಲೆಯೊಳಗೂ ಬೂಸ್ಟು ಹಿಡಿದಿದೆಯೇ? ಹಿಡಿದಿದ್ದರೆ ಪರೀಕ್ಷೆಗೆ ಯಾವ ಕಟ್ಟಡಕ್ಕೆ ಹೋಗುತ್ತೀರಿ?

ಮತ್ತೆ ಕೀವು ತೆಗೆದು, ದೂರದ ಊರಿಗೆ ಕಳಿಸಿ, ಉತ್ತರ ಬಂದು ಮಾತ್ರೆ ಶುರುವಾಗುವಷ್ಟರಲ್ಲಿ ರೋಗ ಹೆಬ್ಬೆರಳಿನ ಕೀಲಿಗೆ ಇಳಿದಿತ್ತು. ಹುಣ್ಣು ಈಗ ಒಣಗುತ್ತಿದೆ, ಹೆಬ್ಬೆರಳು ಮಡಚುವುದಿಲ್ಲ. ಅವಳು ಕಸಿಯ ದಾರ ಹಿಡಿಯಲು ಹೋಗಿ ಬೀಳಿಸುತ್ತಾಳೆ. ನಾನು ನೋಡದವಳಂತೆ ಬಾಗಿಲ ಕಡೆ ತಿರುಗುತ್ತೇನೆ.

ಅವಳ ಪಕ್ಕದಲ್ಲಿ ಕೂತು ಕಸಿ ಕಟ್ಟುವ ಇನ್ನೊಬ್ಬಾಕೆಯ ಮಣಿಕಟ್ಟಿನಲ್ಲಿ ನಿನ್ನೆ ಗಂಟೆದ್ದಿದೆ. ಸೋಮವಾರ ಅವಳು ನಿಮ್ಮ ಕಿಟಕಿಗೆ ಬರುತ್ತಾಳೆ, ಜೊತೆಗೆ ನಾನೂ. ಅಷ್ಟರೊಳಗೆ ಆ ಬೋರ್ಡು ಇಳಿಸಿ. ಅವಳ ಕೀವನ್ನು ಮನುಷ್ಯರದೆಂದು ತೆಗೆದುಕೊಳ್ಳಿ. ಇಳಿಸಲು ಕೈ ಎಟುಕದಿದ್ದರೆ ಹೇಳಿ, ಸ್ಟೂಲು ನಾನೇ ಹೊತ್ತು ತರುತ್ತೇನೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಗಟ್ಟಿ ಕೈಯೆಂದರೆ ನನ್ನದೇ.

ಇಂತಿ,
ನಿಮ್ಮ ಬೋರ್ಡಿನ ಪ್ರಕಾರ ಗಿಡವೊಂದನ್ನು ಹೆತ್ತ ಮುದುಕಿ