ತಿಮ್ಮರಾಯಪ್ಪ ಮಾವ ಮತ್ತು ತೋಟದ ಮುನೇಶ್ವರ

ಸಿದ್ದಾಪುರ
೧೩-೮-೧೯೬೬

ಪ್ರೀತಿಯ ಬೈರಣ್ಣನಿಗೆ ನಿನ್ನ ತಂಗಿಯ ನಮಸ್ಕಾರ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಮಗುವಿಗೆ ದಡಾರ ಎದ್ದಿತ್ತು, ಈಗ ವಾಸಿ. ಅತ್ತಿಗೆಯ ಕೈನೋವು ಹೇಗಿದೆ?

ಹೋದ ಸೋಮವಾರ ತಿಮ್ಮರಾಯಪ್ಪ ಮಾವ ತೀರಿಕೊಂಡರು. ಅಪ್ಪನ ಆ ಹಳೆಯ ಸ್ನೇಹಿತ ಸತ್ತರೆ ನಿನಗೇನೂ ದುಃಖವಾಗದು, ಗೊತ್ತು. ನಮ್ಮ ಹೂದೋಟ ಹಿಡಿಸಿಕೊಟ್ಟದ್ದಕ್ಕೆ ಅವನಿಗೆ ಜಯನಗರದಲ್ಲಿ ಸೈಟು ಸಿಕ್ಕಿತೇ ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿದ್ದೆಯಲ್ಲ, ವಿಚಾರಿಸಿದೆ. ಸೈಟು ಇಲ್ಲ. ಅವರ ಅರ್ಧ ಎಕರೆಯೂ ನಮ್ಮದರ ಜೊತೆಗೇ ಹೋಗಿತ್ತು. ಕೊನೆಯವರೆಗೂ ನಮ್ಮ ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿದ್ದರು. ಅದನ್ನು ಅಮ್ಮನಿಗೆ ಹೇಳಿದರೆ, "ಕೊಡ್ತೀವಿ ಅಂತ ಅವನಿಗೂ ಟೋಪಿ ಹಾಕಿರ್ತಾರೆ" ಅಂದಳು.

ತೋಟ ಹೋದ ವರ್ಷ ನೀನು ಭದ್ರಾವತಿಯ ಕಾರ್ಖಾನೆಗೆ ಸೇರಿದ್ದೆ, ಕಣ್ಣಾರೆ ಕಂಡವಳು ನಾನು. ಗುಡಿಯಿರುವ ಜಾಗವನ್ನು ಜಯನಗರದ ಲೇಔಟಿಗೆ ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಅಂದರು. ಅದನ್ನು ನಂಬಿ ಅಪ್ಪ, ಮಾವ ಇಬ್ಬರೇ ಕೆರೆ ಏರಿಯಿಂದ ಮುನೇಶ್ವರನ ಕಲ್ಲನ್ನು ರಾತ್ರೋರಾತ್ರಿ ಗಾಡಿಯಲ್ಲಿ ತಂದು ಕನಕಾಂಬರದ ಪಾತಿಯ ನಡುವೆ ನಿಲ್ಲಿಸಿದರು. ಅರಿಶಿನ ಕುಂಕುಮ ಹಚ್ಚಿ, ತಾತನ ಕಾಲದ ದೇವರು ಎಂದರು. ಹತ್ತು ದಿನಕ್ಕೆ ಸರ್ವೆಯವರು ಬಂದರು. ಅಪ್ಪ ಹೂ ಹೊತ್ತು ಮಾರ್ಕೆಟ್ಟಿಗೆ ಹೋಗಿದ್ದ. ತಿಂಗಳೊಳಗೆ ನೋಟೀಸು ಬಂತು. ಅಪ್ಪ ಕಚೇರಿಗೆ ಹೋಗಿ ಕೇಳಿದರೆ, ಆ ಕಲ್ಲು ಈಚೆಗೆ ತಂದಿಟ್ಟದ್ದು ಎಂದು ನಮಗೆ ಗೊತ್ತು ಅಂದರಂತೆ.

ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಮಾವ ಒಬ್ಬರಿಗೇ. ಮೇಲಾಗಿ ಪಕ್ಕದ ತೋಟದ ಮಂಗಮ್ಮ, ಮಾವ ಸರ್ವೆಯವರ ಹತ್ತಿರ ನಿಂತು ಮೆಲ್ಲಗೆ ಏನೋ ಹೇಳುತ್ತಿದ್ದುದನ್ನು ಕಂಡಿದ್ದಳು. ಅಪ್ಪ ಕಚೇರಿಗೆ ಹೋಗಿಬಂದ ಮಾರನೆಯ ದಿನ ಮಾವ ಎಂದಿನಂತೆ ಬಂದಾಗ ಅಪ್ಪ ಜಗಲಿಯಿಂದ ಏಳಲೇ ಇಲ್ಲ.

"ಅವತ್ತು ಅವರ ಜೊತೆ ಮಾತಾಡಿದ್ದು ದಿಟವೇನ್ಲಾ ತಿಮ್ಮ?"

"ದಿಟ."

"ಏನ್ ಹೇಳ್ದೆ?"

ಮಾವ ಬಾಗಿಲ ಕಡೆ ನೋಡಿದರು. "ಹೇಳೋದೇನೈತೆ, ಆಗಿದ್ದಾಯ್ತು" ಎಂದು ಹೊರಟುಹೋದರು. ಅವರಿಗೆಂದು ಮಾಡಿದ್ದ ಕಾಫಿಯನ್ನು ಅಮ್ಮ ಬಚ್ಚಲಿಗೆ ಸುರಿದಳು. ಅಂದಿನಿಂದ ದಾರಿಯಲ್ಲಿ ಕಂಡರೆ ನಾವು ಮುಖ ತಿರುಗಿಸುತ್ತಿದ್ದೆವು. ಅಪ್ಪನ ಮಣ್ಣಿಗೆ ಬಂದು ದೂರ ನಿಂತಿದ್ದವರನ್ನು ತೋರಿಸಿ ನೀನು, ನೋಡಿ ಸಂತೋಷಪಡೋಕೆ ಬಂದವ್ನೆ ಅಂದೆ. ನನಗೆ ಬಾಳೆನಾರಿನಲ್ಲಿ ಹೂ ಕಟ್ಟಲು ಕಲಿಸಿದ್ದ ಅವರ ಬೆರಳುಗಳು ಅಂದು ಒಂದು ಹೂವಿನ ಹಾರ ಹಿಡಿದಿದ್ದವು.

ಅತ್ತಿಗೆಗೆ ನಮಸ್ಕಾರ. ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ಇಂತಿ ನಿನ್ನ ತಂಗಿ
ನಾರಾಯಣಮ್ಮ

ಬಿಟ್ಟ ಮಾತು: ಸರ್ವೆಯವರು ಬಂದಾಗ ಕಲ್ಲಿನ ಹತ್ತಿರ ಆಡುತ್ತಿದ್ದವಳು ನಾನು. ನನಗೆ ಒಂಬತ್ತು ವರ್ಷ. "ಈ ದೇವ್ರಿಗೆ ಹಬ್ಬ ಯಾವಾಗ ಮಾಡ್ತೀರಿ ಪುಟ್ಟಿ?" ಎಂದು ಒಬ್ಬರು ಕೇಳಿದರು. "ಇನ್ನೂ ಮಾಡಿಲ್ಲ ಸಾರ್, ಮೊನ್ನೆ ತಂದವ್ರೆ" ಅಂದೆ. ಮಾವ ಓಡಿಬಂದು, ಮಗು ಏನೋ ಅಂತದೆ, ಬರೆದುಕೊಳ್ಳಬೇಡಿ ಎಂದು ಬೇಡಿಕೊಂಡರು. ಮಂಗಮ್ಮ ಕಂಡದ್ದು ಅದನ್ನೇ. ಅಪ್ಪ ಕೇಳಿದಾಗ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ, ಮಾವ ನನ್ನನ್ನು ನೋಡಿಯೇ ಹಾಗಂದರು. ಆಗ ಚಿಕ್ಕವಳು, ಸರಿ. ಆಮೇಲೆ ಹದಿಮೂರು ವರ್ಷ ಅವರು ನಮ್ಮ ಮನೆಯ ಮುಂದೆಯೇ ನಡೆದುಹೋಗುತ್ತಿದ್ದರು. ನಾನು ಒಮ್ಮೆಯೂ ಕರೆಯಲಿಲ್ಲ.