ಅತ್ತೆಯ ಅಂಜೂರದ ಮರ

ಜೂನ್ 9, ಮಂಗಳವಾರ, ಸಂಜೆ

ಬದುಕುತ್ತದಂತೆ, ನಮ್ಮ ಅಂಜೂರದ ಮರ ಬದುಕುತ್ತದಂತೆ. ಏಣಿಯಕ್ಕನೇ ಬಂದು ನೋಡಿ ಹೇಳಿದರು. ಮರ ಸವರುವವರು, ಸ್ವಂತ ಏಣಿ ಹೊತ್ತೇ ಬರುತ್ತಾರೆ, ಅದಕ್ಕೇ ಆ ಹೆಸರು. ವಯಸ್ಸು ಅರವತ್ತರ ಹತ್ತಿರ. ಮರ ಹತ್ತುವುದನ್ನು ನೋಡಿದರೆ... ಸೂಪರ್ ಅನ್ನುವುದು ಸಣ್ಣ ಮಾತು.

ಶನಿವಾರದ ಬಿರುಗಾಳಿಗೆ ಎರಡು ಕೊಂಬೆ ಮುರಿದು ನೇತಾಡುತ್ತಿದ್ದವು. ನನ್ನ ಗಂಡ — ಮದುವೆಯಾಗಿ ಐದೇ ವಾರ, ಹೀಗೆ ಬರೆಯಲು ಎಷ್ಟು ಖುಷಿ — ಹೀರೋ ಥರ ಗರಗಸ ಹಿಡಿದು ಒಂದನ್ನು ಮೇಲಿನಿಂದ ಕೊಯ್ದ. ಅರ್ಧ ಕೊಯ್ಯುವಷ್ಟರಲ್ಲಿ ತನ್ನ ಭಾರಕ್ಕೇ ಕೆಳಗೆ ಬಿತ್ತು, ಕಾಂಡದ ತೊಗಟೆಯನ್ನೂ ಒಂದು ಮೊಳ ಸುಲಿದುಕೊಂಡು. ಇಬ್ಬರೂ ಗರಬಡಿದವರಂತೆ ನಿಂತೆವು. ಅದು ಅತ್ತೆ ನೆಟ್ಟ ಮರ. ನಾದಿನಿಯ ಮನೆಗೆ ಹೊರಡುವಾಗ ನನಗೇ ಹೇಳಿದ್ದರು, “ಅಡುಗೆ ಹೇಗಾದ್ರೂ ಮಾಡ್ಕೊಳ್ಳಿ. ಮರ ಮಾತ್ರ ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ ಕಣೇ.” ಅವರಿಗೆ ಇನ್ನೂ ಹೇಳಿಲ್ಲ. ಭಯಂಕರ ಟೆನ್ಷನ್.

ಗಾಯ ನೋಡಿ ಏಣಿಯಕ್ಕ ಕೇಳಿದರು, “ಕೊಯ್ದಿದ್ದು ಯಾರು, ನೀವಾ ಸಾಹೇಬ್ರೇ?”

“ವಿಡಿಯೋದಲ್ಲಿ ಹಾಗೇ ಮಾಡ್ತಿದ್ರು...”

“ಹಾಗಾದ್ರೆ ವಿಡಿಯೋದವರನ್ನೇ ಕರೆಸ್ಬೇಕಿತ್ತು.”

ಜೂನ್ 10

ಏಣಿಯಕ್ಕ ಸುಲಿದ ಅಂಚನ್ನು ಚೂರಿಯಿಂದ ಕೆತ್ತಿ ನುಣುಪು ಮಾಡಿದರು. ನಾನು ಪೇಂಟ್ ತರಲು ಓಡಿದೆ, ಬೇಡವೆಂದರು. ಗಾಯವನ್ನು ಮರವೇ ಮುಚ್ಚಿಕೊಳ್ಳುತ್ತದಂತೆ. ಎರಡನೆಯ ಕೊಂಬೆಗೆ ಮೊದಲು ಅಡಿಯಿಂದ ಒಂದು ಕೊಯ್ತ, ಸ್ವಲ್ಪ ಆಚೆ ಮೇಲಿನಿಂದ ಇನ್ನೊಂದು. ಬಿತ್ತು — ತೊಗಟೆ ಚೂರೂ ಅಲುಗಲಿಲ್ಲ. ಎಂಥ ಕೈ. ಉಳಿದ ಮೋಟನ್ನು ತೋರಿಸಿ, ನನ್ನನ್ನೇ ಏಣಿ ಹತ್ತಿಸಿ ಗರಗಸ ಕೊಟ್ಟರು.

“ಬುಡದಲ್ಲಿ ಉಬ್ಬಿದೆಯಲ್ಲ, ಅದು ಕೊಂಬೆಯ ಕುತ್ತಿಗೆ. ಅದನ್ನ ಬಿಟ್ಟು ಕೊಯ್ಯಮ್ಮ.”

ಕೊಯ್ದೆ. ಕೈತುಂಬ ಅಂಟು ಹಾಲು. ಏಣಿ ಹಿಡಿದು ನಿಂತಿದ್ದ ನನ್ನ ಗಂಡ ಕೆಳಗಿನಿಂದ ನನ್ನನ್ನು ನೋಡಿದ ರೀತಿ... ಬರೆಯುವುದಿಲ್ಲ.

ಜೂನ್ 23

ಸುಲಿದ ಜಾಗದ ಪಕ್ಕ ಎರಡು ಚಿಗುರು. ಇನ್ನು ತಡೆಯಲಾಗಲಿಲ್ಲ. ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಗಾಳಿ, ತೊಗಟೆ, ಅವನು, ನಾನು. ಅತ್ತೆ ಕೇಳಿದ್ದು ಒಂದೇ ಮಾತು.

“ಕುತ್ತಿಗೆ ಬಿಟ್ಟು ಕೊಯ್ದ್ರಾ?”

ಅತ್ತೆಗೂ ಗೊತ್ತು. “ಬಿಟ್ಟೆ ಅತ್ತೆ. ಅದನ್ನ ನಾನೇ ಕೊಯ್ದೆ.”

“ನೀನಾ?” ಅತ್ತೆ ನಕ್ಕರು. “ನನ್ನ ಮಗನ ಕೈಗೆ ಮಾತ್ರ ಗರಗಸ ಕೊಡ್ಬೇಡ. ಗೋಡೆ ಕಡೆ ಒಂದು ಒಣಕೊಂಬೆ ಇದೆ, ನೋಡಿದೀಯಾ? ಅದನ್ನ ನಾವಿಬ್ರೇ ಸೇರಿ ತೆಗೆಯೋಣ. ನಾನು ಬರೋವರೆಗೂ ಮುಟ್ಬೇಡ.”

ಇದೇ ಶುಕ್ರವಾರ ಬರುತ್ತಾರಂತೆ. ಬೆಳಗ್ಗೆ ಏಳೂ ಹತ್ತರ ಪ್ಯಾಸೆಂಜರ್ ರೈಲಿಗೆ.