ಬೀರಮ್ಮನ ಕಾಲಿಗೆ ತಂಪು ಹತ್ತಿದ ಜಾಗ

ಇಸವಿ 2291, ಎರಡನೆಯ ಬೇಸಿಗೆಯ ಹದಿಮೂರನೆಯ ದಿನ

ಭೂಗೋಳ ಕಲಿಸುವ ಮಂದಾಕಿನಿ ಅಕ್ಕೋರಿಗೆ, ತೇಲುಕೇರಿಯ ನಕಾಶೆಗಾರ್ತಿ ಗುಲಾಬಿ ಅಂಬಿಗ ಮಾಡುವ ನಮಸ್ಕಾರ.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದ ಓದಿ ಓದಿ ಕಲಿತವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ನಿಮಗೆ ಹೇಗೆ ಮುಟ್ಟೀತೋ ಅದೂ ಗೊತ್ತಿಲ್ಲ. ಬರೆಯದೆ ಇರಲು ಆಗಲಿಲ್ಲ.

ತೇಲುಕೇರಿ ಎಂದರೆ ಹೊಳೆ ಕಡಲು ಸೇರುವ ನಿಮ್ಮ ಅಳಿವೆಯ ಮೇಲೆ ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ಊರು. ಇನ್ನೂರ ಹನ್ನೆರಡು ಮನೆ. ಬೆಳಿಗ್ಗೆ ಎದ್ದವರು ಮೊದಲು ಇಬ್ಬನಿ ಬಲೆ ಹಿಂಡುತ್ತೇವೆ, ಆ ನೀರಿನಲ್ಲೇ ಗಂಜಿ, ಆ ನೀರಿನಲ್ಲೇ ಮಕ್ಕಳ ಮುಖ. ಈ ವರ್ಷ ಇಬ್ಬನಿಯೂ ಕೈಕೊಟ್ಟಿತು. ಹುಣ್ಣಿಮೆಯೊಳಗೆ ಸಿಹಿನೀರು ಸಿಗದಿದ್ದರೆ ಕೇರಿ ಬಿಚ್ಚುವುದು, ಮನೆಗೊಂದು ದಿಕ್ಕಿಗೆ ಹೋಗುವುದು ಎಂದು ಹಿರಿಯರು ತೀರ್ಮಾನ ಮಾಡಿದರು. ನಮ್ಮಲ್ಲಿ ಕಣ್ಣುಹಕ್ಕಿ ಎಂಬ ಯಂತ್ರವಿದೆ. ಮೇಲೆ ಹಾರುತ್ತ ನೀರಿನ ಆಳ, ಉಪ್ಪು, ಹರಿವು ಎಲ್ಲವನ್ನೂ ಗೇಣು ಗೇಣಿಗೆ ಅಳೆಯುತ್ತದೆ. ಅಳೆದೂ ಅಳೆದೂ ಅದು ಹೇಳಿದ್ದು ಒಂದೇ, ಎಲ್ಲೆಡೆ ಉಪ್ಪು. ಅದನ್ನು ನಂಬಿ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಅದನ್ನು ನೀರಿಗೆ ಎಸೆದುಬಿಡೋಣ ಎನ್ನಿಸಿತ್ತು.

ಆಗ ಹಳೆಯ ಪೆಟ್ಟಿಗೆಯ ತಳದಲ್ಲಿ ನಿಮ್ಮ ಹೆಸರು ಬರೆದ ಹಾಳೆ ಸಿಕ್ಕಿತು. ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರನ್ನು ಕೂರಿಸಿಕೊಂಡು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದ ಅಳಿವೆಯ ನಕಾಶೆ. ಒಂದು ಕಡೆ ‘ಇಲ್ಲಿ ಹೆದರಿಕೆ’, ಇನ್ನೊಂದು ಕಡೆ ‘ಇಲ್ಲಿ ಕೂತು ನಗುವುದು’. ಹಂದಿಬಂಡೆಯಿಂದ ಪಡುವಣಕ್ಕೆ, ಎರಡು ಕವಳ ಜಗಿದು ಮುಗಿಸುವಷ್ಟು ದೂರದಲ್ಲಿ ಬೀರಮ್ಮ ಎಂಬವರ ಮಾತು:

“ಇಲ್ಲಿ ಕಾಲಿಗೆ ತಂಪು ಹತ್ತತದೆ. ಬಳಚು ಸಿಕ್ಕೂದಿಲ್ಲ, ಸುಮ್ನೆ ಬಗ್ಗೂಕೆ ಹೋಗಬೇಡಿ.”

ಉಪ್ಪುನೀರಿನ ಬಳಚು ಬದುಕದ ತಂಪು ಜಾಗ! ಎಂದರೆ ಅಡಿಯಲ್ಲಿ ಸಿಹಿನೀರಿನ ಒರತೆ ಇರಲೇಬೇಕು. ಯಂತ್ರಕ್ಕೆ ಹಾಳೆ ತೋರಿಸಿದರೆ ಅಳತೆಯಿಲ್ಲ ಎಂದು ತಿರಸ್ಕರಿಸಿತು. ಕವಳದ ಚಟ ನಮ್ಮಲ್ಲಿ ಇನ್ನೂ ಉಳಿದಿದೆ, ದೇವರ ದಯೆ. ನಮ್ಮ ಸುಬ್ಬಜ್ಜಿಯ ಬಾಯಿಗೆ ಎಲೆಯಡಿಕೆ ಹಾಕಿ, ದೋಣಿಯಲ್ಲಿ ಕೂರಿಸಿ, ಹಂದಿಬಂಡೆಯಿಂದ ಒಂದಾದ ಮೇಲೆ ಒಂದು ಎರಡು ಕವಳ ಮುಗಿಯುವ ತನಕ ಹುಟ್ಟು ಹಾಕಿದೆವು. ಏನೂ ಸಿಗಲಿಲ್ಲ. ದೋಣಿಯಲ್ಲಿ ಹುಟ್ಟಿದವರು ನಾವು, ಬೀರಮ್ಮ ನಡೆದು ಹೋಗುತ್ತಿದ್ದರು ಎಂಬುದು ನಮ್ಮ ಬುದ್ಧಿಗೆ ಹೊಳೆದಿರಲಿಲ್ಲ. ಮರುದಿನ ಇಳಿತದ ಹೊತ್ತಿಗೆ ಬೀರಮ್ಮನ ಹಾಗೆಯೇ ತಲೆಯ ಮೇಲೆ ಭಾರದ ಬುಟ್ಟಿ ಹೊತ್ತು, ಸೊಂಟದ ತನಕ ನೀರಿನಲ್ಲಿ, ಕೆಸರಿನಲ್ಲಿ ಕಾಲು ಕೀಳುತ್ತ, ಕವಳ ಜಗಿಯುತ್ತ ನಾನೇ ಹೊರಟೆ. ಎರಡನೆಯ ಕವಳ ಉಗಿಯುವಾಗ ಕಾಲಿನ ಬೆರಳು ತಂಪಿಗೆ ಜುಮ್ಮೆಂದಿತು.

ಅಕ್ಕೋರೇ, ಬಿದಿರಿನ ಕೊಳವೆ ಇಳಿಸಿದರೆ ಸಿಹಿನೀರು ಉಕ್ಕಿತು. ನಾನು ನಿಂತಲ್ಲೇ ಅತ್ತೆ. ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದ ಒಬ್ಬ ಹೆಂಗಸಿನ ಅಂಗಾಲು ಕಂಡುಕೊಂಡದ್ದು ಇಷ್ಟು ವರ್ಷ ದಾಟಿ ನನ್ನ ಅಂಗಾಲಿಗೆ ಮುಟ್ಟಿತಲ್ಲ, ಇದನ್ನು ಹೇಗೆ ಹೇಳಲಿ? ನಮ್ಮ ಕೇರಿ ಬಿಚ್ಚಲಿಲ್ಲ.

ಆದರೆ ಉತ್ತರದ ಮೂರು ಕೇರಿಗಳಿಗೆ ಇನ್ನೂ ನೀರಿಲ್ಲ. ಅವರ ಕಡೆಯ ನೀರಿನ ಗುರುತು ನಿಮ್ಮ ಉಳಿದ ಹಾಳೆಗಳಲ್ಲಿರಬೇಕು. ನಮಗೆ ಸಿಕ್ಕ ಹಾಳೆಯ ಮೂಲೆಯಲ್ಲಿ ‘ಒಂಬತ್ತರಲ್ಲಿ ಒಂದು’ ಎಂದಿದೆ. ಅದರ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ, ನಿಮ್ಮದೇ ಅಕ್ಷರದಲ್ಲಿ: ‘ಅಳತೆ ಇಲ್ಲ, ಬರೀ ಮಾತು. ಉಳಿದ ಎಂಟೂ ರದ್ದಿಗೆ.’

ರದ್ದಿಗೆ ಹಾಕಬೇಡಿ. ಹಾಕಿಬಿಟ್ಟಿದ್ದರೆ, ನಾಳೆ ಇಳಿತದ ಹೊತ್ತಿಗೆ ಹೋಗಿ. ಬೀರಮ್ಮ ಅಲ್ಲೇ ಕೆಸರಿನಲ್ಲಿ ಬಗ್ಗಿಕೊಂಡಿರುತ್ತಾರೆ, ಜೀವಂತ. ಕೂಗಿದರೆ ತಿರುಗಿ ನೋಡುತ್ತಾರೆ. ನನಗೆ ಆ ಭಾಗ್ಯವಿಲ್ಲ, ಅಕ್ಕೋರೇ. ನೀವು ಕೇಳಿ.